ಕಂಪೈಲ್ ಆದ ಪೈಥಾನ್ ಪ್ಯಾಕೇಜುಗಳು ಮತ್ತು ಭಾಷಾಶಾಸ್ತ್ರೀಯ ಫಲಿತಾಂಶ: ಕಟ್ಟುವಿಕೆ ಹಾಗೂ ಸ್ಥಾಪನೆಯ ಒಂದು ವಿವರಣೆ

1. ಪ್ರಸ್ತಾವನೆ

‘ಕನ್ನಡ’ ಎಂಬ ಪದವನ್ನು ಪೈಥಾನಿನೊಂದಿಗೆ ಬರುವ ‘ಆರ್‌ಇ’ ಮಾಡ್ಯೂಲಿಗೆ ಕೊಟ್ಟು, ಪದಗಳನ್ನು ಗುರುತಿಸಲು ಎಲ್ಲರೂ ಬಳಸುವ ಬ್ಯಾಕ್‌ಸ್ಲ್ಯಾಶ್-ಡಬ್ಲ್ಯು ವಿನ್ಯಾಸದಿಂದ ಬಿಡಿಸಿದರೆ ಎರಡು ತುಣುಕುಗಳು ದೊರೆಯುತ್ತವೆ: ‘ಕನ’ ಮತ್ತು ‘ನಡ’. ಆ ಮಾಡ್ಯೂಲಿನ ದೃಷ್ಟಿಯಲ್ಲಿ ಪದವೆಂದರೆ ಅಕ್ಷರ, ಅಂಕಿ ಮತ್ತು ಅಡಿಗೆರೆಗಳ ಸರಣಿ. ಯೂನಿಕೋಡ್ ವರ್ಗೀಕರಣದಲ್ಲಿ ನಮ್ಮ ವಿರಾಮ ಚಿಹ್ನೆಯೂ ಕಾಗುಣಿತದ ಚಿಹ್ನೆಗಳೂ ‘ಅಕ್ಷರ’ಗಳಲ್ಲ, ‘ಚಿಹ್ನೆ’ಗಳು. ಆದ್ದರಿಂದ ಒತ್ತಕ್ಷರ ಬಂದಲ್ಲೆಲ್ಲ, ಕಾಗುಣಿತ ಬಂದಲ್ಲೆಲ್ಲ ಪದ ಮುರಿಯುತ್ತದೆ. ಇದನ್ನು ಅರಿಯದೆ ಸಿದ್ಧಪಡಿಸಿದ ಕನ್ನಡ ಪದಾವೃತ್ತಿ ಪಟ್ಟಿಗೆ ಯಾವ ಬೆಲೆಯೂ ಇಲ್ಲ.

ಪರಿಹಾರ ಸರಳ. ‘ರೆಜೆಕ್ಸ್’ ಎಂಬ ಬೇರೊಂದು ಪ್ಯಾಕೇಜನ್ನು ಸ್ಥಾಪಿಸಿಕೊಂಡರೆ ಅದೇ ವಿನ್ಯಾಸವು ‘ಕನ್ನಡ’ವನ್ನು ಇಡಿಯಾಗಿ ಹಿಡಿಯುತ್ತದೆ. ಆದರೆ ರೆಜೆಕ್ಸ್ ಪ್ಯಾಕೇಜಿನ ತಿರುಳು ಪೈಥಾನಿನಲ್ಲಿಲ್ಲ. ಅದು ಸಿ ಭಾಷೆಯಲ್ಲಿದೆ. ಅಂದರೆ ಯಾರೋ ಒಬ್ಬರು, ಎಲ್ಲಿಯೋ ಒಂದು ಕಡೆ, ಅದನ್ನು ಯಂತ್ರಸಂಕೇತಕ್ಕೆ ಕಂಪೈಲ್ ಮಾಡಿರಬೇಕು.

ಇನ್ನೊಂದು ನಿದರ್ಶನವನ್ನು ಕೋಶರಚನೆಯಿಂದ ತೆಗೆದುಕೊಳ್ಳಬಹುದು. ಪೈಥಾನಿನ ಸಹಜ ವಿಂಗಡಣೆಯು ಯೂನಿಕೋಡ್ ಸಂಕೇತಬಿಂದುಗಳ ಏರಿಕೆಯನ್ನು ಅನುಸರಿಸುತ್ತದೆ. ಹಳಗನ್ನಡದ ೞಕಾರಕ್ಕೆ ಯೂನಿಕೋಡ್ ಕೊಟ್ಟಿರುವ ಸ್ಥಾನವು ಎಲ್ಲ ಕಾಗುಣಿತ ಚಿಹ್ನೆಗಳ ನಂತರ ಬರುತ್ತದೆ. ಪರಿಣಾಮವಾಗಿ ‘ಕೌರವ’ ಮುಗಿದ ಮೇಲೆ ‘ಕೞ್ತೆ’ ಬರುತ್ತದೆ. ಇದನ್ನು ಸರಿಪಡಿಸಲು ಭಾಷಾವಾರು ವಿಂಗಡಣೆಯ ನಿಯಮಗಳಿರುವ ಐಸಿಯು ಲೈಬ್ರರಿಯೂ, ಅದನ್ನು ಪೈಥಾನಿಗೆ ತಂದುಕೊಡುವ ಪೈಐಸಿಯು ಪ್ಯಾಕೇಜೂ ಬೇಕಾಗುತ್ತವೆ. ಇವೂ ಕಂಪೈಲ್ ಆಗಬೇಕಾದ ತಂತ್ರಾಂಶಗಳೇ.

ಹೀಗೆ ಪಠ್ಯಕೋಶದ ಕೆಲಸಕ್ಕಾಗಲಿ ಧ್ವನಿವಿಶ್ಲೇಷಣೆಗಾಗಲಿ ಪೈಥಾನನ್ನು ಹಿಡಿಯುವ ಭಾಷಾಶಾಸ್ತ್ರಜ್ಞರು ಕೆಲವೇ ದಿನಗಳಲ್ಲಿ ಕಂಪೈಲ್ ಆದ ವಿಸ್ತರಣೆಗಳ ಮೇಲೆ ನಿಂತಿರುತ್ತಾರೆ. ಸ್ಥಾಪನೆಯನ್ನು ಕೇವಲ ಪೂರ್ವಸಿದ್ಧತೆಯೆಂದೂ ಸಂಶೋಧನೆ ಅದರ ನಂತರ ಆರಂಭವಾಗುತ್ತದೆಂದೂ ಭಾವಿಸುವುದು ರೂಢಿ. ಈ ಭಾವನೆ ಸರಿಯಲ್ಲವೆಂಬುದು ನಮ್ಮ ಪ್ರತಿಪಾದನೆ. ಪ್ಯಾಕೇಜನ್ನು ಕಟ್ಟಿದ ಗಳಿಗೆಯಲ್ಲಿ ತೆಗೆದುಕೊಂಡ ಕೆಲವು ನಿರ್ಧಾರಗಳು ಅಳತೆಯ ಭಾಗವಾಗಿಯೇ ಉಳಿಯುತ್ತವೆ. ಪ್ರಬಂಧದಲ್ಲಿ ಅವುಗಳ ದಾಖಲೆ ಇಲ್ಲದಿದ್ದರೆ ಫಲಿತಾಂಶವನ್ನು ಮತ್ತೊಬ್ಬರು ಪರೀಕ್ಷಿಸಲಾರರು. (ಪ್ಯಾಕೇಜು ಮತ್ತು ಆದೇಶಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ, ಗಣಕದಲ್ಲಿ ಅವುಗಳನ್ನು ರೋಮನ್ ಲಿಪಿಯಲ್ಲಿ ಟಂಕಿಸಬೇಕು.)

2. ವಿಸ್ತರಣೆ ಎಂದರೇನು, ವ್ಹೀಲ್ ಎಂದರೇನು

ಪೈಥಾನಿನಲ್ಲಿ ಬರೆದ ಕಡತವನ್ನು ಇಂಟರ್‌ಪ್ರಿಟರ್ ಓದಿ ನಡೆಸುತ್ತದೆ. ಅದು ಯಾವ ಯಂತ್ರದಲ್ಲಾದರೂ ಹಾಗೆಯೇ ನಡೆದೀತು. ಸಿ, ಸಿ++, ರಸ್ಟ್ ಮುಂತಾದ ಭಾಷೆಗಳಲ್ಲಿ ಬರೆದ ವಿಸ್ತರಣೆಯಾದರೋ ಕಂಪೈಲರಿನ ಮೂಲಕ ಹಾದು, ಒಂದು ಬಗೆಯ ಪ್ರೊಸೆಸರಿಗೆ ಮತ್ತು ಒಂದು ಕಾರ್ಯಾಚರಣ ವ್ಯವಸ್ಥೆಗೆ ಮಾತ್ರ ಒಗ್ಗುವ ಕಡತವಾಗುತ್ತದೆ. ಪೈಥಾನ್ ಕಾರ್ಯಕ್ರಮವು ಅದನ್ನು ಆಮದು ಮಾಡಿಕೊಂಡಾಗ ಆ ಯಂತ್ರಸಂಕೇತ ನೇರವಾಗಿ ಇಂಟರ್‌ಪ್ರಿಟರಿನ ಸ್ಮೃತಿಯೊಳಕ್ಕೆ ಬಂದು ಕೂರುತ್ತದೆ. ಅವೆರಡರ ನಡುವಿನ ಒಪ್ಪಂದವನ್ನು ಎಬಿಐ ಎನ್ನುತ್ತಾರೆ: ದತ್ತಾಂಶದ ಒಂದೊಂದು ರಚನೆಗೆ ಎಷ್ಟು ಬೈಟ್, ಯಾವ ಅಂಶ ಎಷ್ಟನೆಯ ಬೈಟಿನಲ್ಲಿದೆ ಎಂಬ ತೀರ ಭೌತಿಕವಾದ ಒಪ್ಪಂದ. ಮೂಲ ಕೋಡಿನ ಮಟ್ಟದಲ್ಲಿ ಎರಡು ಆವೃತ್ತಿಗಳು ಒಂದೇ ವ್ಯಾಕರಣವನ್ನು ಪಾಲಿಸುತ್ತಿದ್ದರೂ ಈ ಮಟ್ಟದಲ್ಲಿ ಪರಸ್ಪರ ಅರ್ಥವಾಗದೆ ಹೋಗಬಹುದು. ಪೈಥಾನ್ 3.11 ಮತ್ತು 3.12ಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಕಡತಗಳು ಬೇಕಾಗುವುದು ಇದರಿಂದಲೇ. ಆವೃತ್ತಿಗಳುದ್ದಕ್ಕೂ ಬದಲಾಗದ ‘ಸ್ಥಿರ ಎಬಿಐ’ ಪೈಥಾನ್ 3.2ರಿಂದ ಲಭ್ಯವಿದೆಯಾದರೂ ಎಲ್ಲ ಪ್ಯಾಕೇಜುಗಳೂ ಅದಕ್ಕೆ ಕಟ್ಟುಬಿದ್ದಿಲ್ಲ.

ಪ್ರತಿಯೊಬ್ಬ ಬಳಕೆದಾರರೂ ಕಂಪೈಲರ್ ಇಟ್ಟುಕೊಳ್ಳಲಿ ಎಂದು ನಿರೀಕ್ಷಿಸಲಾಗದು. ಆದ್ದರಿಂದ ಪ್ಯಾಕೇಜಿನ ಕರ್ತೃಗಳೇ ಮೊದಲೇ ಕಂಪೈಲ್ ಮಾಡಿ, ಫಲವನ್ನು ‘ವ್ಹೀಲ್’ ಎಂಬ ಸಂಪುಟದಲ್ಲಿ ಕಟ್ಟಿ ಪೈಪಿಐ ಭಂಡಾರದಲ್ಲಿ ಇಡುತ್ತಾರೆ. ವ್ಹೀಲ್ ಕಡತದ ಹೆಸರು ಭಾಷಾಶಾಸ್ತ್ರಜ್ಞರಿಗೆ ಪರಿಚಿತವೆನಿಸುವ ರಚನೆಯದು. ದ್ರಾವಿಡ ಕ್ರಿಯಾಪದದಲ್ಲಿ ಧಾತು, ಕಾಲಪ್ರತ್ಯಯ, ಆಖ್ಯಾತಪ್ರತ್ಯಯಗಳು ತಂತಮ್ಮ ಸ್ಥಾನ ಬಿಟ್ಟು ಕದಲದಂತೆ ಇಲ್ಲಿಯೂ ಐದು ಸ್ಥಾನಗಳು ನಿಗದಿಯಾಗಿವೆ. ಮೊದಲು ಪ್ಯಾಕೇಜಿನ ಹೆಸರು, ಬಳಿಕ ಅದರ ಆವೃತ್ತಿ, ಮೂರನೆಯದಾಗಿ ಯಾವ ಪೈಥಾನ್, ನಾಲ್ಕನೆಯದಾಗಿ ಯಾವ ಎಬಿಐ, ಕಡೆಯದಾಗಿ ಯಾವ ವೇದಿಕೆ. ‘ಸಿಪಿ312’ ಎಂದಿದ್ದರೆ ಸಿಪೈಥಾನ್ 3.12, ವೇದಿಕೆಯ ಸ್ಥಾನದಲ್ಲಿ ‘ಮೆನಿಲಿನಕ್ಸ್_2_17_ಎಕ್ಸ್86_64’ ಎಂದಿದ್ದರೆ ಜಿಲಿಬ್‌ಸಿ 2.17 ಅಥವಾ ಅದಕ್ಕಿಂತ ಹೊಸತಾದ ಲೈಬ್ರರಿಯುಳ್ಳ, 64 ಬಿಟ್ಟಿನ ಇಂಟೆಲ್ ಬಗೆಯ ಪ್ರೊಸೆಸರಿನ ಲಿನಕ್ಸ್ ಎಂದರ್ಥ. ಐಚ್ಛಿಕವಾದ ಆರನೆಯ ಅಂಶವೊಂದು ಆವೃತ್ತಿಯ ಬೆನ್ನಿಗೆ ಬರುವುದುಂಟು, ಆದರೆ ಅದು ವಿರಳ.

ಪಿಪ್ ಈ ಹೆಸರನ್ನು ಓದಿಯೇ ತೀರ್ಮಾನಿಸುತ್ತದೆ. ತನ್ನ ಯಂತ್ರಕ್ಕೆ ಒಗ್ಗುವ ವ್ಹೀಲ್ ಸಿಕ್ಕರೆ ಅದನ್ನು ಬಿಡಿಸಿ ಜಾಗದಲ್ಲಿಡುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು. ಸಿಗದಿದ್ದರೆ ಮೂಲ ಕೋಡಿರುವ ವಿತರಣೆಯನ್ನು ತಂದು, ಬಳಕೆದಾರರ ಯಂತ್ರದಲ್ಲೇ ಕಂಪೈಲ್ ಮಾಡಲು ತೊಡಗುತ್ತದೆ. ಹಳೆಯ ಲಿನಕ್ಸ್ ಇರುವ ವಿಶ್ವವಿದ್ಯಾಲಯದ ಸರ್ವರಿನಲ್ಲಿಯೂ ವಿದ್ಯಾರ್ಥಿಯ ಹೊಸ ಲ್ಯಾಪ್‌ಟಾಪಿನಲ್ಲಿಯೂ ಒಂದೇ ದಿನ, ಒಂದೇ ಆದೇಶ ಕೊಟ್ಟಾಗ ಒಂದರಲ್ಲಿ ಸಿದ್ಧ ವ್ಹೀಲ್ ಬಂದು ಇನ್ನೊಂದರಲ್ಲಿ ಅದೇ ಪ್ಯಾಕೇಜು ಸ್ಥಳೀಯವಾಗಿ ಕಂಪೈಲ್ ಆಗಬಹುದು; ಮೂಲ ವಿತರಣೆಯೇ ಇಲ್ಲದ ಪ್ಯಾಕೇಜಾದರೆ ಸರ್ವರಿನಲ್ಲಿ ಸದ್ದಿಲ್ಲದೆ ಹಳೆಯ ಆವೃತ್ತಿ ಬಂದು ಕೂರಬಹುದು. ಇಬ್ಬರೂ ತಾವು ಒಂದೇ ಪ್ಯಾಕೇಜು ಬಳಸುತ್ತಿದ್ದೇವೆಂದು ನಂಬಿರುತ್ತಾರೆ.

3. ನಾವೇ ಕಟ್ಟಬೇಕಾದಾಗ

ಪೈಐಸಿಯು ಪೈಪಿಐನಲ್ಲಿ ಮೂಲ ಕೋಡಿನ ರೂಪದಲ್ಲಿ ವಿತರಣೆಯಾಗುತ್ತ ಬಂದಿರುವ ಪ್ಯಾಕೇಜು. ಅದನ್ನು ಸ್ಥಾಪಿಸುವುದೆಂದರೆ ಕಂಪೈಲ್ ಮಾಡುವುದೇ. ಇದಕ್ಕೆ ಬೇಕಾದವು ಮೂರು: ಸಿ++ ಕಂಪೈಲರ್, ಪೈಥಾನಿನ ಹೆಡರ್ ಕಡತಗಳು, ಐಸಿಯುವಿನ ಹೆಡರ್ ಕಡತಗಳು. ಉಬುಂಟು ಅಥವಾ ಡೆಬಿಯನ್ನಿನಲ್ಲಿ ‘ಬಿಲ್ಡ್-ಎಸೆನ್ಷಿಯಲ್’, ‘ಪೈಥಾನ್3-ಡೆವ್’, ‘ಲಿಬ್‌ಐಸಿಯು-ಡೆವ್’, ‘ಪಿಕೆಜಿ-ಕಾನ್ಫಿಗ್’ ಎಂಬ ಕಟ್ಟುಗಳನ್ನು ಮೊದಲೇ ಹಾಕಿಕೊಂಡಿದ್ದರೆ ಪಿಪ್ ತನ್ನ ಕೆಲಸವನ್ನು ತಂಟೆಯಿಲ್ಲದೆ ಮುಗಿಸುತ್ತದೆ. ಐಸಿಯು ಯಂತ್ರದಲ್ಲಿ ಮೊದಲೇ ಇದೆಯಲ್ಲ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಇರುವುದು ನಡೆಸಲು ಬೇಕಾದ ಲೈಬ್ರರಿ. ಕಟ್ಟಲು ಬೇಕಾದ ಹೆಡರುಗಳು ‘ಡೆವ್’ ಎಂಬ ಬಾಲವುಳ್ಳ ಕಟ್ಟಿನಲ್ಲಿರುತ್ತವೆ. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಮೂಲಕ ಐಸಿಯುವನ್ನು ಹಾಕಿಕೊಂಡರೂ ಅದು ಎಲ್ಲರಿಗೂ ಕಾಣುವ ದಾರಿಯಲ್ಲಿರುವುದಿಲ್ಲ. ಪಿಕೆಜಿ-ಕಾನ್ಫಿಗ್‌ಗೆ ಆ ದಾರಿಯನ್ನು ಬೇರೆಯಾಗಿ ತಿಳಿಸಬೇಕು. ವಿಂಡೋಸಿನಲ್ಲಿ ಮೈಕ್ರೋಸಾಫ್ಟಿನ ವಿಷುವಲ್ ಸಿ++ ಸಾಧನಗಳು ಬೇಕು, ಜೊತೆಗೆ ಐಸಿಯುವನ್ನು ಕೈಯಾರೆ ಹೊಂದಿಸಬೇಕು. ಅಷ್ಟು ಶ್ರಮಕ್ಕಿಂತ ಕಾಂಡಾ-ಫೋರ್ಜ್ ಸಮುದಾಯವು ಕಟ್ಟಿಟ್ಟಿರುವ ಪೈಐಸಿಯುವನ್ನು ತೆಗೆದುಕೊಳ್ಳುವುದು ಮೇಲು. ಅಲ್ಲಿ ಐಸಿಯು ಲೈಬ್ರರಿಯೂ ಜೊತೆಯಲ್ಲೇ ಬರುತ್ತದೆ.

ಕಂಪೈಲ್ ವಿಫಲವಾದಾಗ ಪಿಪ್ ಪುಟಗಟ್ಟಲೆ ಸಂದೇಶಗಳನ್ನು ಸುರಿಸುತ್ತದೆ. ಕಡೆಯ ಸಾಲುಗಳು ಉಪಪ್ರಕ್ರಿಯೆ ದೋಷದೊಂದಿಗೆ ನಿಂತಿತೆಂದಷ್ಟೇ ಹೇಳುತ್ತವೆ, ಅವುಗಳಿಂದ ಪ್ರಯೋಜನವಿಲ್ಲ. ಮೇಲಕ್ಕೆ ಹೋಗಿ ‘ದೋಷ’ ಎಂಬ ಮಾತು ಮೊದಲು ಬರುವ ಸಾಲನ್ನು ಹುಡುಕಬೇಕು. ‘ಪೈಥಾನ್.ಎಚ್’ ಎಂಬ ಕಡತ ಇಲ್ಲವೆಂದಿದ್ದರೆ ಪೈಥಾನಿನ ಹೆಡರುಗಳಿಲ್ಲ. ‘ಯೂನಿಕೋಡ್’ ಎಂಬ ಕಡತಕೋಶದ ಯಾವುದೋ ಹೆಡರ್ ಇಲ್ಲವೆಂದಿದ್ದರೆ ಐಸಿಯುವಿನವು ಇಲ್ಲ. ನಮ್ಮ ಅನುಭವದಲ್ಲಿ ತೊಂದರೆಗಳಲ್ಲಿ ಹೆಚ್ಚಿನವು ಇಷ್ಟೇ ಸರಳವಾಗಿರುತ್ತವೆ.

ಸರಳವಲ್ಲದ ಒಂದನ್ನು ಹೇಳಬೇಕು, ಏಕೆಂದರೆ ಅದು ಕಡಿಮೆ ಜನ ಬಳಸುವ ಭಾಷಾಸಾಧನಗಳನ್ನೇ ಹೆಚ್ಚಾಗಿ ಕಾಡುತ್ತದೆ. ಅನೇಕ ವಿಸ್ತರಣೆಗಳನ್ನು ಸಿ ಭಾಷೆಯಲ್ಲಿ ಯಾರೂ ಬರೆದಿರುವುದಿಲ್ಲ. ಸೈಥಾನ್ ಎಂಬ ಸಾಧನ ಅವುಗಳನ್ನು ಉತ್ಪಾದಿಸಿರುತ್ತದೆ. ಬಳಕೆದಾರರಿಗೆ ಸೈಥಾನ್ ಬೇಡವಾಗಲೆಂದು ಕರ್ತೃಗಳು ಉತ್ಪಾದಿತ ಸಿ ಕಡತವನ್ನೇ ವಿತರಣೆಯಲ್ಲಿ ಸೇರಿಸಿರುತ್ತಾರೆ. ಆ ಕಡತವು ಅದು ಹುಟ್ಟಿದ ಕಾಲದ ಪೈಥಾನಿನ ಒಳರಚನೆಯನ್ನು ನೆಚ್ಚಿರುತ್ತದೆ. ಪೈಥಾನ್ 3.11ರಲ್ಲಿ ‘ಲಾಂಗ್‌ಇಂಟ್‌ರೆಪ್ರ್.ಎಚ್’ ಎಂಬ ಹೆಡರ್ ತನ್ನ ಹಳೆಯ ಜಾಗದಿಂದ ಸ್ಥಳಾಂತರಗೊಂಡಾಗ ಇಂಥ ಎಷ್ಟೋ ಪ್ಯಾಕೇಜುಗಳು ಒಮ್ಮೆಗೇ ಕಟ್ಟಲು ಬಾರದಂತಾದವು. ಅವುಗಳ ಮೂಲದಲ್ಲಿ ತಪ್ಪಿರಲಿಲ್ಲ. ಹೊಸ ಸೈಥಾನಿನಿಂದ ಸಿ ಕಡತವನ್ನು ಪುನಃ ಉತ್ಪಾದಿಸಿದರೆ ಸಾಕು, ಅಥವಾ ಪೈಥಾನ್ 3.10ಕ್ಕೆ ಹಿಂದಿರುಗಿದರೆ ಸಾಕು. 2023ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.12 ಹಳೆಯ ‘ಡಿಸ್ಟ್‌ಯುಟಿಲ್ಸ್’ ಕಟ್ಟುವ ವ್ಯವಸ್ಥೆಯನ್ನೇ ಕೈಬಿಟ್ಟಿತು. ಒಂದು ಭಾಷೆಗೆ ಇರುವ ಒಂದೇ ರೂಪವಿಶ್ಲೇಷಕ ವರ್ಷಗಳ ಹಿಂದೆ ನಿಂತುಹೋದ ಯೋಜನೆಯದಾಗಿದ್ದರೆ, ಹೊಸ ಪೈಥಾನನ್ನು ಹಾಕಿಕೊಳ್ಳುವ ಉತ್ಸಾಹವನ್ನು ತಡೆದುಕೊಳ್ಳುವುದೇ ವಿವೇಕ.

ಕಟ್ಟುವಾಗ ಪಿಪ್ ಅನುಸರಿಸುವ ‘ಪ್ರತ್ಯೇಕತೆ’ಯ ಪದ್ಧತಿಯನ್ನೂ ತಿಳಿದಿರಬೇಕು. ಪ್ಯಾಕೇಜಿನ ‘ಪೈಪ್ರಾಜೆಕ್ಟ್.ಟಾಮ್ಲ್’ ಕಡತದಲ್ಲಿ ಕಟ್ಟಲು ಬೇಕಾದ ಸಾಧನಗಳ ಪಟ್ಟಿ ಇರುತ್ತದೆ. ಪಿಪ್ ಒಂದು ತಾತ್ಕಾಲಿಕ ಪರಿಸರವನ್ನು ಸೃಷ್ಟಿಸಿ, ಆ ಸಾಧನಗಳನ್ನು ಅಲ್ಲಿ ಹಾಕಿ, ಅಲ್ಲಿಯೇ ಕಂಪೈಲ್ ಮಾಡಿ, ಪರಿಸರವನ್ನು ಅಳಿಸಿಬಿಡುತ್ತದೆ. ಆದಕಾರಣ ಕಟ್ಟುವಾಗ ಬಳಕೆಯಾದ ನಂಪೈ ಒಂದು, ನಡೆಸುವಾಗ ಇರುವ ನಂಪೈ ಇನ್ನೊಂದು ಆಗಿರುವ ಸಾಧ್ಯತೆಯಿದೆ. 2024ರ ಜೂನಿನಲ್ಲಿ ಬಂದ ನಂಪೈ 2.0 ತನ್ನ ಎಬಿಐಯನ್ನು ಬದಲಿಸಿತು. ನಂಪೈ 1.xನ ಎದುರು ಕಟ್ಟಿದ ವಿಸ್ತರಣೆಗಳು 2.xನೊಡನೆ ನಡೆಯವು, 2.xನ ಎದುರು ಕಟ್ಟಿದವು ಹಳೆಯ 1.xನೊಡನೆಯೂ ನಡೆಯುವಂತೆ ವ್ಯವಸ್ಥೆ ಮಾಡಲಾಗಿದೆ. ‘ಡಿಟೈಪ್‌ನ ಗಾತ್ರ ಬದಲಾಗಿದೆ’ ಎಂಬ ಸಂದೇಶ ಕಂಡವರು ತಮ್ಮ ಕಾರ್ಯಕ್ರಮವನ್ನು ತಿದ್ದುವ ಗೋಜಿಗೆ ಹೋಗದೆ ಈ ಎರಡು ಆವೃತ್ತಿಗಳನ್ನು ಮೊದಲು ನೋಡಬೇಕು.

4. ಸದ್ದುಮಾಡದ ಭೇದಗಳು

ಈವರೆಗೆ ಹೇಳಿದ ವೈಫಲ್ಯಗಳೆಲ್ಲ ಕೂಗಿ ಹೇಳುವಂಥವು. ಉಬುಂಟು 22.04ರಲ್ಲಿ ಐಸಿಯು 70 ಇತ್ತು, 24.04ರಲ್ಲಿ ಐಸಿಯು 74 ಇದೆ. ಮೊದಲನೆಯದರ ಎದುರು ಕಟ್ಟಿದ ಪೈಐಸಿಯು ವ್ಯವಸ್ಥೆಯ ಬಡ್ತಿಯ ನಂತರ ತನ್ನ ಲೈಬ್ರರಿ ಕಾಣದೆ ನಿಂತುಬಿಡುತ್ತದೆ. ಇಂಥ ವೈಫಲ್ಯದಿಂದ ಸಂಶೋಧಕರಿಗೆ ಒಂದು ದಿನ ನಷ್ಟವಾದೀತು, ತಪ್ಪು ಫಲಿತಾಂಶ ಅಚ್ಚಾಗದು. ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಬೇಕಾದವು ಎಲ್ಲವೂ ಸುಸೂತ್ರವಾಗಿ ನಡೆದು ಅಂಕಿ ಮಾತ್ರ ಬೇರೆಯಾಗುವ ಸಂದರ್ಭಗಳು.

ಹಳಗನ್ನಡದ ನಕಾರಪೊಲ್ಲನ್ನು ನೋಡೋಣ. ಸ್ವರವಿಲ್ಲದ ನಕಾರವನ್ನು ಸೂಚಿಸುವ ಈ ವಿಶಿಷ್ಟ ಲಿಪಿರೂಪಕ್ಕೆ ಯೂನಿಕೋಡಿನಲ್ಲಿ ಸ್ಥಾನ ದೊರೆತದ್ದು 2021ರ 14.0 ಆವೃತ್ತಿಯಲ್ಲಿ. ಪೈಥಾನ್ 3.10ರೊಳಗೆ ಕಂಪೈಲ್ ಆಗಿರುವುದು ಯೂನಿಕೋಡ್ 13.0ರ ಕೋಷ್ಟಕ, 3.11ರೊಳಗಿರುವುದು 14.0. ಶಾಸನಪಠ್ಯವೊಂದನ್ನು ಅಕ್ಷರ ಮತ್ತು ಚಿಹ್ನೆಗಳ ವರ್ಗದ ಆಧಾರದಲ್ಲಿ ಪದಗಳಾಗಿ ಒಡೆಯುವ ಕಾರ್ಯಕ್ರಮವು 3.10ರಲ್ಲಿ ನಕಾರಪೊಲ್ಲನ್ನು ‘ನಿಯೋಜಿತವಲ್ಲದ ಸಂಕೇತ’ವೆಂದು ಬಗೆದು ಪದದ ಕೊನೆಯನ್ನು ಕತ್ತರಿಸಿಹಾಕುತ್ತದೆ. 3.11ರಲ್ಲಿ ಅದೇ ಪದ ಇಡಿಯಾಗಿ ಉಳಿಯುತ್ತದೆ. ಪದಾಂತ್ಯದ ನಕಾರದಲ್ಲಿ ಪುಂಲ್ಲಿಂಗ ಏಕವಚನದ ರೂಪಗಳನ್ನು ಹುಡುಕುತ್ತಿರುವ ಸಂಶೋಧಕರಿಗೆ ಇದರ ಬೆಲೆ ಎಷ್ಟೆಂದು ವಿವರಿಸಬೇಕಾಗಿಲ್ಲ. ಇನ್ನೂ ವಿಚಿತ್ರವಾದ ಸಂಗತಿ ಉಂಟು. ಉಬುಂಟು 22.04ರಲ್ಲಿ ವ್ಯವಸ್ಥೆಯ ಪೈಥಾನ್ 3.10, ಅದೇ ವ್ಯವಸ್ಥೆಯ ಐಸಿಯು 70ರಲ್ಲಿರುವುದು ಯೂನಿಕೋಡ್ 14.0. ಹೀಗಾಗಿ ಒಂದೇ ಯಂತ್ರದಲ್ಲಿ, ಒಂದೇ ಕಾರ್ಯಕ್ರಮದೊಳಗೆ, ನಕಾರಪೊಲ್ಲು ಅಕ್ಷರವೇ ಎಂಬ ಪ್ರಶ್ನೆಗೆ ಪೈಥಾನ್ ಇಲ್ಲವೆಂದೂ ಪೈಐಸಿಯು ಹೌದೆಂದೂ ಉತ್ತರಿಸುತ್ತವೆ.

ಅಕ್ಷರಗಳ ಎಣಿಕೆಯಲ್ಲಿ ಭೇದ ಇನ್ನೂ ಆಳವಾದದ್ದು. 2023ರಲ್ಲಿ ಬಂದ ಯೂನಿಕೋಡ್ 15.1, ಲಿಪಿಘಟಕಗಳ ವಿಭಜನೆಗೆ ಹೊಸ ನಿಯಮವೊಂದನ್ನು ಸೇರಿಸಿ, ಸಂಯುಕ್ತಾಕ್ಷರವನ್ನು ವಿರಾಮದ ಬಳಿ ಒಡೆಯಬಾರದೆಂದಿತು. ಆದರೆ ಆ ಆವೃತ್ತಿಯಲ್ಲಿ ನಿಯಮ ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಎಂಬ ಆರು ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ‘ರಾಷ್ಟ್ರ’ ಎಂಬ ಪದ ಆ ನಿಯಮದ ಪ್ರಕಾರ ತೆಲುಗು ಲಿಪಿಯಲ್ಲಿ ಎರಡು ಘಟಕ. ಕನ್ನಡ ಲಿಪಿಯಲ್ಲಿ ‘ರಾ’, ‘ಷ್’, ‘ಟ್’, ‘ರ’ ಎಂದು ನಾಲ್ಕು. ಹಿಂದಿನ ನಿಯಮದಲ್ಲಾದರೆ ಎರಡರಲ್ಲೂ ನಾಲ್ಕೇ. ಕನ್ನಡ ಮತ್ತು ತೆಲುಗು ಪದಗಳ ಉದ್ದವನ್ನು ಅಕ್ಷರಗಳಲ್ಲಿ ಹೋಲಿಸುವ ಅಧ್ಯಯನವೊಂದು ಈ ಎಣಿಕೆಯನ್ನು ಸಿದ್ಧ ಪ್ಯಾಕೇಜಿಗೆ ಒಪ್ಪಿಸಿದರೆ, ಕಾಣುವ ಅಂತರ ಭಾಷೆಗಳದೋ ಕೋಷ್ಟಕದ್ದೋ ಎಂದು ನಿರ್ಣಯಿಸುವಂತಿಲ್ಲ. ಲಿಪಿಘಟಕವನ್ನು ಅಕ್ಷರದ ಪರ್ಯಾಯವೆಂದು ಹಿಡಿಯುವುದೇ ಮೊದಲ ಪ್ರಮಾದವೆಂದು ನಮ್ಮ ಅಭಿಪ್ರಾಯ. ಕನ್ನಡದ ಅಕ್ಷರಕ್ಕೆ ಸ್ವಂತ ನಿಯಮ ಬರೆದುಕೊಳ್ಳುವುದು ಹತ್ತು ಸಾಲಿನ ಕೆಲಸ.

ಧ್ವನಿವಿಜ್ಞಾನದ ನಿದರ್ಶನ ಬಹುಶಃ ಹೆಚ್ಚು ಓದುಗರಿಗೆ ತಟ್ಟೀತು. ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೀನಿಂಕ್ ಅವರ ಪ್ರಾಟ್ ತಂತ್ರಾಂಶವನ್ನು ಪೈಥಾನಿನಿಂದ ಬಳಸಲು ಅನುವುಮಾಡಿಕೊಡುವ ಪ್ಯಾಕೇಜು ಪಾರ್ಸೆಲ್‌ಮೌತ್. ಯಾನಿಕ್ ಜಾಡೂಲ್ ಮತ್ತು ಸಂಗಡಿಗರು ಇದನ್ನು 2018ರಲ್ಲಿ ಪ್ರಕಟಣೆಯ ಮೂಲಕ ಪರಿಚಯಿಸಿದರು. ಇದು ಯಂತ್ರದಲ್ಲಿರುವ ಪ್ರಾಟ್‌ಗೆ ಆದೇಶ ಕಳುಹಿಸುವ ಮಧ್ಯವರ್ತಿಯಲ್ಲ. ಪ್ರಾಟ್‌ನ ಸಿ++ ಮೂಲವೇ ವಿಸ್ತರಣೆಯೊಳಗೆ ಕಂಪೈಲ್ ಆಗಿ ಕುಳಿತಿದೆ. ಪಾರ್ಸೆಲ್‌ಮೌತ್ 0.4 ಸರಣಿಯೊಳಗಿರುವುದು ಪ್ರಾಟ್ 6.1.38. ಬಳಕೆದಾರರು ತಮ್ಮ ಯಂತ್ರದಲ್ಲಿ ಎಷ್ಟೇ ಹೊಸ ಪ್ರಾಟ್ ಹಾಕಿಕೊಂಡರೂ ಇದು ಬದಲಾಗದು. 2023ರ ನವೆಂಬರಿನ ಪ್ರಾಟ್ 6.4ರಲ್ಲಿ ಮೂಲ ಆವರ್ತನವನ್ನು ಅಳೆಯುವ ಪೂರ್ವನಿಯೋಜಿತ ವಿಧಾನವೇ ಬದಲಾಯಿತು: ಹಳೆಯ ಸ್ವಸಹಸಂಬಂಧ ವಿಧಾನದ ಬದಲು, ಧ್ವನಿಯ ಮೇಲಿನ ಆವರ್ತನಗಳನ್ನು ಮೊದಲು ಶೋಧಿಸಿ ತಗ್ಗಿಸುವ ವಿಧಾನ ಬಂದಿತು. ಮೇಲಿನ ಆವರ್ತನಗಳ ಶಕ್ತಿ ತಗ್ಗಿದಾಗ ಘೋಷ-ಅಘೋಷ ನಿರ್ಣಯವೂ ವ್ಯಂಜನಗಳ ಅಂಚಿನಲ್ಲಿ ಬೇರೆಯಾಗಬಹುದು. ಮಾರ್ಗದರ್ಶಕರು ಪ್ರಾಟ್‌ನ ಕಿಟಕಿಯಲ್ಲಿ ಕಂಡ ರೇಖೆಯೂ ವಿದ್ಯಾರ್ಥಿಯ ಪೈಥಾನ್ ಕೋಷ್ಟಕದ ಅಂಕಿಗಳೂ ಹೊಂದದಿದ್ದಾಗ ವಿದ್ಯಾರ್ಥಿಯ ಕೈತಪ್ಪೆಂದು ಭಾವಿಸುವುದು ಸಹಜ. ಇಬ್ಬರೂ ‘ಪ್ರಾಟ್‌ನ ಪೂರ್ವನಿಯೋಜಿತ ಮೌಲ್ಯಗಳನ್ನು ಬಳಸಿದೆವು’ ಎಂದೇ ಬರೆಯುವರು, ಇಬ್ಬರದೂ ಸತ್ಯವೇ. ವಿಧಾನವನ್ನೂ ಆವರ್ತನದ ಮೇಲ್ಮಿತಿ, ಕೆಳಮಿತಿಗಳನ್ನೂ ಆದೇಶದಲ್ಲೇ ಸ್ಪಷ್ಟವಾಗಿ ನಮೂದಿಸುವುದು ಇದಕ್ಕೆ ಮದ್ದು.

ಇಲ್ಲಿ ಹೆಸರಿನದೊಂದು ಬಲೆಯೂ ಇದೆ. ಪೈಪಿಐನಲ್ಲಿ ಈ ಪ್ಯಾಕೇಜಿನ ಹೆಸರು ‘ಪ್ರಾಟ್-ಪಾರ್ಸೆಲ್‌ಮೌತ್’. ಬರಿದೆ ‘ಪಾರ್ಸೆಲ್‌ಮೌತ್’ ಎಂದು ಕೇಳಿದರೆ ಸಂಬಂಧವೇ ಇಲ್ಲದ ಬೇರೊಂದು ಪ್ಯಾಕೇಜು ಬರುತ್ತದೆ. ಆದರೆ ಆಮದು ಮಾಡುವಾಗಿನ ಹೆಸರು ‘ಪಾರ್ಸೆಲ್‌ಮೌತ್’ ಎಂದೇ. ಪ್ರಬಂಧಗಳಲ್ಲಿ ಆಮದಿನ ಹೆಸರನ್ನು ಮಾತ್ರ ಕೊಡುವ ರೂಢಿ ಎಷ್ಟು ಅಪೂರ್ಣವೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

5. ಕಂಪೈಲರಿಗೆ ಕೊಟ್ಟ ಒಂದು ಸಂಖ್ಯೆ

ಎಲ್ಲಕ್ಕಿಂತ ಬೋಧಪ್ರದವಾದದ್ದು ಕೆನ್‌ಎಲ್‌ಎಂ. ಕೆನೆತ್ ಹೀಫೀಲ್ಡ್ ರಚಿಸಿದ ಈ ಸಾಧನವು ಎನ್-ಗ್ರಾಂ ಭಾಷಾಮಾದರಿಗಳನ್ನು ಕಟ್ಟಿ ಅತಿವೇಗವಾಗಿ ಪ್ರಶ್ನಿಸಲು ನೆರವಾಗುತ್ತದೆ. ಮಾದರಿಯ ಗರಿಷ್ಠ ದರ್ಜೆ, ಅಂದರೆ ಎನ್ ಎಷ್ಟಿರಬಹುದೆಂಬುದು, ಇಲ್ಲಿ ಕಾರ್ಯಕ್ರಮ ನಡೆಸುವಾಗ ಕೊಡುವ ಮೌಲ್ಯವಲ್ಲ. ಕಂಪೈಲ್ ಮಾಡುವಾಗ ಸ್ಥಿರಪಡಿಸುವ ಮೌಲ್ಯ. ಬೇರೆ ಹೇಳದಿದ್ದರೆ ಅದು 6. ಇಂಗ್ಲಿಷಿನ ಪದಮಟ್ಟದ ಮಾದರಿಗೆ 6 ಧಾರಾಳವಾಯಿತು. ಕನ್ನಡದ ಸಂಕೇತಬಿಂದುಗಳ ಮಟ್ಟದ ಮಾದರಿಗೆ? ‘ರಾಷ್ಟ್ರ’ ಎಂಬ ಪುಟ್ಟ ಪದದಲ್ಲೇ ಏಳು ಸಂಕೇತಬಿಂದುಗಳಿವೆ: ಮೂರು ವ್ಯಂಜನಗಳೂ ಎರಡು ವಿರಾಮಗಳೂ ಒಂದು ದೀರ್ಘ ಚಿಹ್ನೆಯೂ ಅಲ್ಲಿಗೆ ಆರು, ಕಡೆಯ ವ್ಯಂಜನವನ್ನು ನೋಡಿದರೆ ವ್ಯಂಜನಗಳೇ ನಾಲ್ಕು. ಹೀಗೆ ಮಾದರಿಯ ಕಿಟಕಿ ಒಂದು ಪದವನ್ನೂ ಪೂರ್ತಿ ಕಾಣದು. ಅಪರಿಚಿತ ಪದಗಳ ಸಂಭವನೀಯತೆಯನ್ನು ಈ ಮಾದರಿಯಿಂದ ಅಳೆದು ಕನ್ನಡದ ಬಗ್ಗೆ ಏನನ್ನಾದರೂ ಹೇಳಹೊರಟರೆ, ಹೇಳುತ್ತಿರುವುದು ಭಾಗಶಃ ಆ 6ರ ಬಗ್ಗೆ.

ಏಳು ಅಥವಾ ಅದಕ್ಕೂ ಮೇಲಿನ ದರ್ಜೆಯ ಮಾದರಿಯನ್ನು ತೆರೆಯಲು ಹೋದಾಗ ಕೆನ್‌ಎಲ್‌ಎಂ ಅದನ್ನು ನಿರಾಕರಿಸಿ, ಗರಿಷ್ಠ ದರ್ಜೆಯನ್ನು ಹೆಚ್ಚಿಸಿ ಮತ್ತೆ ಕಂಪೈಲ್ ಮಾಡಿರೆಂದು ಸ್ಪಷ್ಟವಾಗಿ ತಿಳಿಸುತ್ತದೆ. ನಾವು ಹಾಗೆಯೇ ಮಾಡಿದೆವು. ಆದರೂ ಅದೇ ನಿರಾಕರಣೆ. ಅರ್ಧ ದಿನ ಕಳೆದ ಮೇಲೆ ತಿಳಿದ ಕಾರಣ ಹೀಗಿತ್ತು: ಮೂಲದಿಂದ ಒಮ್ಮೆ ಕಟ್ಟಿದ ವ್ಹೀಲನ್ನು ಪಿಪ್ ತನ್ನ ಸಂಗ್ರಹದಲ್ಲಿ ಇಟ್ಟುಕೊಳ್ಳುತ್ತದೆ, ಮತ್ತೆ ಅದೇ ಹೆಸರು, ಅದೇ ಆವೃತ್ತಿ ಕೇಳಿದರೆ ಪುನಃ ಕಟ್ಟದೆ ಸಂಗ್ರಹದಿಂದ ತೆಗೆದುಕೊಡುತ್ತದೆ. ನಾವು ಬದಲಿಸಿದ್ದ ಸಂಖ್ಯೆ ಕಂಪೈಲರಿನವರೆಗೆ ತಲುಪಿಯೇ ಇರಲಿಲ್ಲ. ‘ನೋ-ಕ್ಯಾಶ್-ಡಿರ್’ ಎಂಬ ಆಯ್ಕೆಯೊಂದಿಗೆ ಸ್ಥಾಪಿಸಿದಾಗ ಕೆಲಸವಾಯಿತು. ಈ ಘಟನೆಯಲ್ಲಿ ನಮ್ಮ ಅದೃಷ್ಟವೆಂದರೆ ಕೆನ್‌ಎಲ್‌ಎಂ ನಿರಾಕರಿಸಿತು. ಸದ್ದಿಲ್ಲದೆ ಆರಕ್ಕೆ ಇಳಿಸಿಕೊಂಡು ನಡೆದಿದ್ದರೆ ನಮ್ಮ ಕೋಷ್ಟಕಗಳು ಏನಾಗುತ್ತಿದ್ದವೆಂದು ಯೋಚಿಸಿದ್ದುಂಟು. ಗಮನಿಸಬೇಕಾದದ್ದು: 6ರಿಂದ ಕಟ್ಟಿದ್ದಕ್ಕೂ 8ರಿಂದ ಕಟ್ಟಿದ್ದಕ್ಕೂ ಪಿಪ್ ತೋರಿಸುವ ಹೆಸರು ಮತ್ತು ಆವೃತ್ತಿ ಒಂದೇ.

6. ಏನನ್ನು ದಾಖಲಿಸಬೇಕು

‘ಪಿಪ್ ಫ್ರೀಜ್’ ಆದೇಶದ ಪಟ್ಟಿಯನ್ನು ಅನುಬಂಧದಲ್ಲಿ ಸೇರಿಸುವುದು ಈಗ ರೂಢಿಗೆ ಬಂದಿದೆ, ಅದು ಒಳ್ಳೆಯದೇ. ಆದರೆ ಆ ಪಟ್ಟಿ ಹೆಸರು ಮತ್ತು ಆವೃತ್ತಿಗಳಾಚೆಗೆ ಬಹಳವೇನೂ ಹೇಳದು. ಕಂಪೈಲ್ ಆದ ಪ್ಯಾಕೇಜಿನ ಬಗ್ಗೆ ಇನ್ನೂ ನಾಲ್ಕು ಸಂಗತಿ ತಿಳಿದಿರಬೇಕು. ಅದು ಸಿದ್ಧ ವ್ಹೀಲ್ ಆಗಿ ಬಂತೋ, ಸ್ಥಳದಲ್ಲೇ ಕಟ್ಟಿದ್ದೋ. ಒಳಗಿರುವ ಲೈಬ್ರರಿಯ ಆವೃತ್ತಿ ಯಾವುದು. ಕಟ್ಟುವಾಗ ಯಾವ ಮೌಲ್ಯವನ್ನು ಬದಲಿಸಲಾಯಿತು. ಯಾವ ಪೈಥಾನ್, ಯಾವ ವೇದಿಕೆ. ಒಳಗಿನ ಲೈಬ್ರರಿಯನ್ನು ಕೇಳಿ ತಿಳಿಯುವುದು ಕಷ್ಟವಲ್ಲ. ಪೈಥಾನಿನ ‘ಯೂನಿಕೋಡ್‌ಡೇಟಾ’ ಮಾಡ್ಯೂಲು ತನ್ನ ಕೋಷ್ಟಕದ ಆವೃತ್ತಿಯನ್ನು ‘ಯುನಿಡೇಟಾ_ವರ್ಷನ್’ ಎಂಬ ಹೆಸರಿನಲ್ಲಿ ಇಟ್ಟುಕೊಂಡಿದೆ. ಪೈಐಸಿಯುವಿನಲ್ಲಿ ‘ಐಸಿಯು_ವರ್ಷನ್’ ಮತ್ತು ‘ಯೂನಿಕೋಡ್_ವರ್ಷನ್’ ಇವೆ. ಪಾರ್ಸೆಲ್‌ಮೌತ್‌ನಲ್ಲಿ ‘ಪ್ರಾಟ್_ವರ್ಷನ್’ ಇದೆ. ವಿಶ್ಲೇಷಣೆಯ ಕಾರ್ಯಕ್ರಮವೇ ಮೊದಲ ಸಾಲುಗಳಲ್ಲಿ ಇವನ್ನು ಮುದ್ರಿಸಿ ಫಲಿತಾಂಶದ ಕಡತದ ತಲೆಯಲ್ಲಿ ಬರೆಯುವಂತೆ ಮಾಡಿದರೆ ಮರೆವಿಗೆ ಆಸ್ಪದವಿರುವುದಿಲ್ಲ.

ಪ್ರತಿಯೊಂದು ಅಧ್ಯಯನಕ್ಕೂ ಪ್ರತ್ಯೇಕ ವರ್ಚುವಲ್ ಪರಿಸರ ಇರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಡೆಬಿಯನ್ 12ರಂಥ ವ್ಯವಸ್ಥೆಗಳು ಈಗ ಸ್ವತಃ ಅದನ್ನು ಒತ್ತಾಯಿಸುತ್ತವೆ. ನಾವು ಹೆಚ್ಚು ಒತ್ತಿಹೇಳಬಯಸುವುದು ವ್ಹೀಲುಗಳನ್ನೇ ಕಾದಿಡುವ ಪದ್ಧತಿಯನ್ನು. ‘ಪಿಪ್ ಡೌನ್‌ಲೋಡ್’ ಮತ್ತು ‘ಪಿಪ್ ವ್ಹೀಲ್’ ಆದೇಶಗಳು ಅಧ್ಯಯನಕ್ಕೆ ಬೇಕಾದ ಎಲ್ಲ ಸಂಪುಟಗಳನ್ನು ಒಂದು ಕಡತಕೋಶದಲ್ಲಿ ಒಟ್ಟುಮಾಡಿಕೊಡುತ್ತವೆ. ಅವುಗಳ ಎಸ್‌ಎಚ್‌ಎ-256 ಮೊತ್ತಗಳನ್ನು ಅಗತ್ಯಪಟ್ಟಿಯಲ್ಲಿ ಬರೆದು ‘ರಿಕ್ವೈರ್-ಹ್ಯಾಶಸ್’ ಆಯ್ಕೆಯೊಂದಿಗೆ ಸ್ಥಾಪಿಸಿದರೆ, ಒಂದು ಬೈಟ್ ಬೇರೆಯಾದರೂ ಪಿಪ್ ಒಪ್ಪದು. ‘ಓನ್ಲಿ-ಬೈನರಿ’ ಆಯ್ಕೆ ಕೊಟ್ಟರೆ ನಮಗೆ ತಿಳಿಯದಂತೆ ಯಾವುದೂ ಸ್ಥಳದಲ್ಲಿ ಕಂಪೈಲ್ ಆಗದು. ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ ಈ ಕಡತಕೋಶ ಇನ್ನೊಂದು ರೀತಿಯಲ್ಲೂ ಉಪಕಾರಿ: ಅಂತರಜಾಲವಿಲ್ಲದ ಊರಿನಲ್ಲಿ ಲ್ಯಾಪ್‌ಟಾಪ್ ಕೆಟ್ಟು ಇನ್ನೊಂದನ್ನು ಎರವಲು ತಂದಾಗ, ಅದು ಅದೇ ಬಗೆಯದಾಗಿದ್ದರೆ, ಪೆನ್‌ಡ್ರೈವಿನಿಂದಲೇ ಎಲ್ಲವನ್ನೂ ಮತ್ತೆ ಸ್ಥಾಪಿಸಬಹುದು.

ವ್ಹೀಲಿನ ಜೊತೆಗೆ ಮೂಲ ಕೋಡಿನ ವಿತರಣೆಯನ್ನೂ ಇಡುವುದು ಒಳಿತು. ವ್ಹೀಲು ಇಂದಿನ ಯಂತ್ರಕ್ಕೆ ಒಗ್ಗುವಂಥದ್ದು. ಇಂಟೆಲ್ ಪ್ರೊಸೆಸರಿಗೆಂದು ಕಟ್ಟಿ ಕಾದಿಟ್ಟ ಮ್ಯಾಕ್ ವ್ಹೀಲುಗಳು ಆಪಲ್ ತನ್ನದೇ ಪ್ರೊಸೆಸರುಗಳಿಗೆ ಹೊರಳಿದ 2020ರ ನಂತರದ ಯಂತ್ರಗಳಲ್ಲಿ ಅನುವಾದದ ಪದರವಿಲ್ಲದೆ ನಡೆಯವು. ಮೂಲ ಕೋಡಾದರೆ, ಹೊಸ ಕಂಪೈಲರಿನ ಗೊಣಗಾಟವನ್ನು ಸಹಿಸಿಕೊಂಡು, ಯಾರಾದರೂ ಮತ್ತೆ ಕಟ್ಟಿಯಾರು. ಆಗ ಅವರಿಗೆ ಬೇಕಾಗುವುದು ನಾವು ಕಂಪೈಲರಿಗೆ ಕೊಟ್ಟಿದ್ದ ಆ 8 ಎಂಬ ಸಂಖ್ಯೆ.